ಒಬ್ಬರಿಗೆ ನಾಲ್ಕೇ ಕೂಪನ್

ಲವೀನಾ ಟ್ಯಾಕೆಟ್ ಅಮೆರಿಕದ ಪೂರ್ವ ಕೆಂಟಕಿಯ ಗುಡ್ಡದ ರಸ್ತೆಗಳಲ್ಲಿ ಶಾಲಾ ಬಸ್ ಓಡಿಸುತ್ತಿದ್ದಳು. ಬೆಳಗ್ಗೆ ಮಕ್ಕಳನ್ನು ಇಳಿಸಿದ ಮೇಲೆ ಮಧ್ಯಾಹ್ನದವರೆಗೆ ಬಿಡುವು. ಆಗ ಖಾಲಿ ಬಸ್ಸಿನಲ್ಲೇ ಕೂತು, ಭಾನುವಾರದ ಪತ್ರಿಕೆಯ ಪುರವಣಿಯನ್ನು ಸ್ಟೀರಿಂಗ್ ಮೇಲೆ ಹರಡಿಕೊಂಡು ಅಂಗಡಿ ಸಾಮಾನಿನ ರಿಯಾಯಿತಿ ಕೂಪನ್ ಕತ್ತರಿಸುವಳು. ಅಕ್ಕಪಕ್ಕದವರು ಓದಿ ಬಿಸಾಡುವ ಪತ್ರಿಕೆಗಳೂ ಅವಳ ಪಾಲಿಗೇ.

ಕೂಪನ್ ಸಿಕ್ಕಿತೆಂದು ಅಂಗಡಿಗೆ ಓಡುವ ಜಾಯಮಾನ ಅವಳದ್ದಲ್ಲ. ಅದೇ ಸಾಮಾನಿನ ಬೆಲೆ ಇಳಿಯುವವರೆಗೆ ಕಾಯುವಳು. ಅಂಗಡಿಯವರು ಒಂದು ಕೂಪನನ್ನು ಎರಡೆಂದು ಲೆಕ್ಕ ಹಿಡಿಯುವ ದಿನ ಬಂದರೆ ಇನ್ನೂ ಒಳ್ಳೆಯದು. ಹಾಗೆ ಕಾದು ತಂದ ಪಾಸ್ತಾ, ಸೂಪ್, ಟ್ಯೂನಾ ಮೀನಿನ ಡಬ್ಬಿಗಳಿಗೆ ಅವಳು ಕೊಟ್ಟದ್ದು ಚಿಲ್ಲರೆ ಕಾಸು. ನೆಲಮಾಳಿಗೆಯ ಗೋಡೆಗಳು ಕಾಣದಂತೆ ಸಾಮಾನು ತುಂಬಿತ್ತು. ಹಳೆಯದು ಮುಂದೆ, ಹೊಸದು ಹಿಂದೆ. ದೀಪ ಹಾಕಿ ಅದನ್ನೊಮ್ಮೆ ನೋಡಿದರೆ ಅವಳಿಗೆ ಹೊಟ್ಟೆ ತುಂಬಿದಷ್ಟು ಸಮಾಧಾನ.

ಗಂಡ ಡೆಲ್ಮರ್ ನಗುತ್ತಿದ್ದ. "ನಾಲ್ಕು ಜನರ ಮನೆಗೆ ಇಷ್ಟೊಂದು ಸಾಸಿವೆ ಸಾಸ್ ಯಾಕೆ? ಸ್ನಾನ ಮಾಡೋಕಾ?"

"ಪುಕ್ಕಟೆ ಸಿಕ್ತು, ತಗೊಂಡ್ಬಂದೆ. ನಿಂಗೆ ಬೇಡ ಅಂದ್ರೆ ಬರೀ ಸಾಸೇಜ್ ತಿನ್ನು."

ಅತ್ತೆ ಓಪಲ್‌ಳ ಮಾತಿನಲ್ಲಿ ನಗುವಿರಲಿಲ್ಲ. ಎಪ್ಪತ್ತು ದಾಟಿದ ಆಕೆ ತನ್ನ ಹಿತ್ತಲಿನ ಬೀನ್ಸ್, ಟೊಮ್ಯಾಟೊ ಬೇಯಿಸಿ ಗಾಜಿನ ಬಾಟಲಿಗಳಲ್ಲಿ ಮುಚ್ಚಿಟ್ಟು ಚಳಿಗಾಲ ಕಳೆದವಳು. "ಮೈ ಬಗ್ಗಿಸಿ ಬೆಳೀಬೇಕು. ಕಾಗದ ಕತ್ತರಿಸಿ ತಂದಿದ್ದೂ ಒಂದು ಊಟವೇ?" ಎಂದು ಮೆಟ್ಟಿಲ ಮೇಲೆ ನಿಂತೇ ಹೇಳಿ ಹೋಗುವಳು. ನೆಲಮಾಳಿಗೆಗೆ ಒಮ್ಮೆಯೂ ಇಳಿದವಳಲ್ಲ.

ಆ ವರ್ಷ ಎಲೆ ಉದುರುವ ಕಾಲಕ್ಕೆ, ಡೆಲ್ಮರ್ ದುಡಿಯುತ್ತಿದ್ದ ಗಣಿಯಂತ್ರಗಳ ಕಾರ್ಖಾನೆಯವರು ಕಾರ್ಮಿಕರ ಆರೋಗ್ಯ ವಿಮೆಗೆ ಕತ್ತರಿ ಹಾಕಲು ಹೊರಟರು. ಕಾರ್ಮಿಕರು ಮುಷ್ಕರ ಹೂಡಿ ಗೇಟಿನ ಮುಂದೆ ಕೂತರು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರವಾದರೂ ಮಾತುಕತೆ ಮುಂದೆ ಸಾಗಲಿಲ್ಲ. ಒಂದು ಬೆಳಗ್ಗೆ ಬಸ್ ಹತ್ತಿದ ಪುಟ್ಟ ಹುಡುಗಿಯೊಬ್ಬಳು, ಶಾಲೆಯಲ್ಲಿ ಇವತ್ತು ತಿಂಡಿ ಏನಿರಬಹುದೆಂದು ಎರಡೆರಡು ಸಲ ಕೇಳಿದಳು. ಅವಳಪ್ಪನೂ ಗೇಟಿನ ಮುಂದೆ ಕೂತವನೇ. ಲವೀನಾ ಆ ದಿನ ಕೂಪನ್ ಕತ್ತರಿಸಲಿಲ್ಲ.

ಸಂಜೆ ಗಂಡನಿಗೆ ಹೇಳಿದಳು: "ಪಿಕಪ್ ತಂದು ಹಿಂಬಾಗಿಲಿಗೆ ನಿಲ್ಲಿಸು. ಕೆಳಗಿರೋದನ್ನ ಯೂನಿಯನ್ ಹಾಲಿಗೆ ಸಾಗಿಸೋಣ."

ಡೆಲ್ಮರ್ ಈ ಸಲ ನಗಲಿಲ್ಲ. "ಎಲ್ಲಾನೂ? ನಮ್ಮ ಮಕ್ಕಳ ಗತಿ ಏನೇ?"

"ನಮ್ಮ ಮಕ್ಕಳೂ ಅಲ್ಲೇ ಉಣ್ತಾರೆ. ಮುಗಿದ್ರೆ ಮತ್ತೆ ತುಂಬಿಸ್ತೀನಿ. ಒಂದ್ಸಲ ತುಂಬಿಸಿದೋಳಿಗೆ ಇನ್ನೊಂದ್ಸಲ ಏನು ಕಷ್ಟ?"

ಆ ವಾರವೇ ಯೂನಿಯನ್ ಹಾಲಿನಲ್ಲಿ ಮುಷ್ಕರದ ಮನೆಗಳವರಿಗೆಲ್ಲ ಅಡುಗೆಯ ಒಲೆ ಉರಿಯಿತು. ಆದರೆ ಉಣ್ಣುವ ಬಾಯಿಗಳು ಅವಳು ಎಣಿಸಿದ್ದಕ್ಕಿಂತ ಹೆಚ್ಚಿದ್ದವು. ಡಬ್ಬಿಗಳು ಕಣ್ಣೆದುರೇ ಕರಗುತ್ತಾ ಬಂದವು. ಲವೀನಾ ಅಂಗಡಿಯ ತಳ್ಳುಗಾಡಿ ತುಂಬ ಸೂಪ್ ಡಬ್ಬಿ ಪೇರಿಸಿಕೊಂಡು, ಕೈಯಲ್ಲಿ ಕೂಪನ್ ಕಂತೆ ಹಿಡಿದು ಅಂಗಡಿಯ ಗಲ್ಲಾದ ಮುಂದೆ ನಿಂತಳು. ಮ್ಯಾನೇಜರ್ ರ್ಯಾಟ್ಲಿಫ್ ಓಡಿ ಬಂದ.

"ಲವೀನಾ, ಇವತ್ತಿಂದ ಹೊಸ ನಿಯಮ. ಒಬ್ಬ ಗಿರಾಕಿಗೆ ನಾಲ್ಕೇ ಕೂಪನ್."

"ಯಾವಾಗ ಮಾಡಿದ್ರಿ?"

"ಈಗ," ಎಂದ ಅವನು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಲವೀನಾ ಜಗಳಕ್ಕೆ ಹೋಗಲಿಲ್ಲ. "ಸರಿ. ಒಬ್ಬರಿಗೆ ನಾಲ್ಕು. ಮಾತು ಬದಲಾಯಿಸ್ಬೇಡಿ ಮತ್ತೆ," ಎಂದು ನಾಲ್ಕು ಡಬ್ಬಿ ಮಾತ್ರ ತೆಗೆದುಕೊಂಡು ಬಂದಳು.

ಮುಂದಿನ ಕೆಲವು ದಿನ ಯೂನಿಯನ್ ಹಾಲಿನ ಉದ್ದನೆಯ ಮೇಜು ಅವಳ ಪಾಠಶಾಲೆಯಾಯಿತು. ಕಾರ್ಮಿಕರ ಹೆಂಡಂದಿರು ಕತ್ತರಿ ಹಿಡಿದು ಕೂತರು. ಯಾವುದನ್ನು ಈಗ ಬಳಸಬೇಕು, ಯಾವುದನ್ನು ತಡೆದಿಡಬೇಕು ಎಂದು ಅವಳು ಒಬ್ಬೊಬ್ಬರ ಹೆಗಲ ಮೇಲಿಂದ ಬಾಗಿ ತೋರಿಸಿದಳು. ಹೀಗೆ ಪಾಠ ನಡೆದಿದ್ದಾಗ ಬಾಗಿಲು ತೆರೆದು ಓಪಲ್ ಬಂದಳು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ.

"ಅತ್ತೇ, ನೀವಾ?" ಲವೀನಾ ಹುಬ್ಬೇರಿಸಿದಳು. "ಕಾಗದ ಕತ್ತರಿಸೋಕಾ?"

"ಬಾಯಿ ಮುಚ್ಚಿ ಕುರ್ಚಿ ಕೊಡು. ನನ್ನ ಗಂಡನೂ ಹಿಂದೆ ಮುಷ್ಕರಕ್ಕೆ ಕೂತಿದ್ದ. ಆಗ ಯಾರೂ ನಮಗೋಸ್ಕರ ಪಿಕಪ್ ತುಂಬಿಸ್ಲಿಲ್ಲ."

ಲವೀನಾ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು.

ಶನಿವಾರ ಅಂಗಡಿಯ ಬಾಗಿಲು ತೆರೆಯುತ್ತಿದ್ದಂತೆ ಅವರೆಲ್ಲ ಒಟ್ಟಿಗೆ ನುಗ್ಗಿದರು. ಒಬ್ಬೊಬ್ಬರಿಗೂ ಒಂದು ಗಾಡಿ, ನಾಲ್ಕು ಕೂಪನ್. ಸಾಲು ಬ್ರೆಡ್ ಕಪಾಟು ಬಳಸಿ ಮಾಂಸದ ಕೌಂಟರಿನವರೆಗೂ ಹೋಯಿತು. ಎಲ್ಲರಿಗಿಂತ ಮುಂದೆ ಓಪಲ್. ರ್ಯಾಟ್ಲಿಫ್ ಬಾಯಿ ತೆರೆಯುವ ಮೊದಲೇ ಆಕೆ ನಾಲ್ಕು ಕೂಪನ್‌ಗಳನ್ನು ಇಸ್ಪೀಟಿನ ಎಲೆಗಳಂತೆ ಕೌಂಟರಿನ ಮೇಲೆ ಹರಡಿದಳು.

"ನಿಯಮ ನೀನೇ ಮಾಡಿದ್ದಂತಲ್ಲಪ್ಪ? ಚೆನ್ನಾಗಿದೆ. ಬೇಗ ಎಣಿಸು, ನನ್ನ ಕಾಲು ನೋಯುತ್ತೆ."

ಕ್ಯಾಷಿಯರ್ ಹುಡುಗಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ರ್ಯಾಟ್ಲಿಫ್ ಸಾಲಿನ ಉದ್ದ ನೋಡಿದ, ಓಪಲ್‌ಳ ಮುಖ ನೋಡಿದ, ಕೊನೆಗೆ ಕೋಟು ಬಿಚ್ಚಿಟ್ಟು ತಾನೇ ಇನ್ನೊಂದು ಗಲ್ಲಾ ತೆರೆದ. ಲವೀನಾಳ ಸರದಿ ಬಂದಾಗ ಮೆಲ್ಲಗೆ ಕೇಳಿದ: "ವಾರಾವಾರ ಹೀಗೇನಾ?"

"ಕಾರ್ಖಾನೆಯವರು ಬಗ್ಗೋ ತನಕ. ಸೂಪ್ ಜಾಸ್ತಿ ತರಿಸಿಡಿ."

ಅವನು ತರಿಸಿದ.

ಮಾರ್ಚ್ ತಿಂಗಳಲ್ಲಿ ಕಾರ್ಖಾನೆಯವರು ಬಗ್ಗಿದರು. ಪೂರ್ತಿ ಅಲ್ಲ, ವಿಮೆ ಉಳಿಯಿತು, ಜೊತೆಗೆ ಕೇಳಿದ್ದ ಸಂಬಳ ಏರಿಕೆ ಸಿಗಲಿಲ್ಲ. ಕಡೆಯ ದಿನದ ಊಟಕ್ಕೆ ಓಪಲ್ ತನ್ನ ಬಾಟಲಿಗಳ ಬೀನ್ಸನ್ನು ಹಂದಿಮಾಂಸ ಹಾಕಿ ಬೇಯಿಸಿದಳು. ಲವೀನಾ ಪಾಸ್ತಾ ಬಸಿದಳು. ಯಾರ ಪಾತ್ರೆ ಮೊದಲು ಖಾಲಿಯಾಯಿತು ಎಂಬ ವಿಚಾರಕ್ಕೆ ಅತ್ತೆ ಸೊಸೆಯರ ನಡುವೆ ಮನೆ ತಲುಪುವವರೆಗೂ ವಾದ ನಡೆಯಿತು. ಪಿಕಪ್ ಓಡಿಸುತ್ತಿದ್ದ ಡೆಲ್ಮರ್ ಯಾರ ಪರವೂ ವಹಿಸಲಿಲ್ಲ.