ಬಟ್ಟಲಿಗೆ ಹಾಕದ ಉಂಗುರ

ಹನ್ನೆರಡು ವೋಲ್ಟಿಗೆ ಯಾರೂ ಸಾಯುವುದಿಲ್ಲ. ಅದು ನಿಜ, ಈಗಲೂ ನಿಜ. ಅದನ್ನೇ ಹಿಡಿದು ನಾನು ವಾದಿಸಿದ್ದೆ, ಗೆದ್ದೂ ಇದ್ದೆ.

ಅಪ್ಪನಿಗೆ ಬ್ಯಾಂಕು ವಡೋದರಾಕ್ಕೆ ವರ್ಗ ಮಾಡಿತ್ತು. ಅಲ್ಕಾಪುರಿಯಲ್ಲಿ ಮನೆ. ನಾನು ಅಹಮದಾಬಾದಿನಲ್ಲಿ ಓದುತ್ತ, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆಯುತ್ತ, ಭಾನುವಾರದ ಊಟಕ್ಕೆ ರೈಲು ಹತ್ತಿ ಬರುತ್ತಿದ್ದೆ. ಅಪ್ಪನ ಹತ್ತಿರ ನನಗಿಂತ ಹಿರಿಯ ಕಾರೊಂದಿತ್ತು. ಅದರ ವೈರುಗಳ ಬಟ್ಟೆಯ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಹೊಸ ವೈರು ಎಳೆಯಲು ಮುದುಕ ಎಲೆಕ್ಟ್ರಿಷಿಯನ್ ಒಬ್ಬ ಮನೆಗೇ ಬರುತ್ತಿದ್ದ. ಅಪ್ಪ ಅವನ ಪಕ್ಕ ಸ್ಪ್ಯಾನರ್ ಹಿಡಿದು ನಿಲ್ಲುತ್ತಿದ್ದರು.

ಮುದುಕನದೊಂದು ಕ್ರಮ. ಬಾನೆಟ್ ಎತ್ತಿ, ಬ್ಯಾಟರಿ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಳ್ಳುವುದು. ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ಅರ್ಥ್ ಕೇಬಲ್ ಬಿಚ್ಚುವುದು. ಆಮೇಲೆ ಸ್ಟೀಲಿನ ಬಟ್ಟಲು ಚಾಚಿ ಅಪ್ಪನಿಗೆ ಉಂಗುರ, ವಾಚು ಬಿಚ್ಚಿ ಹಾಕಲು ಹೇಳುವುದು. ನನಗೆ ಎಲ್ಲವೂ ಒಂದೇ ಪೂಜೆಯಂತೆ ಕಂಡವು. ಹಣೆಗೆ ಒತ್ತಿಕೊಂಡದ್ದನ್ನು ನೋಡಿದ ಮೇಲೆ ಮಿಕ್ಕದ್ದಕ್ಕೆ ಕಾರಣ ಇದ್ದೀತೇ ಎಂದು ಕೇಳಲೇ ಇಲ್ಲ.

ಒಂದು ಭಾನುವಾರ ಅವನು ಕೇಬಲ್ಲಿಗೆ ಕೈ ಹಾಕುವ ಮೊದಲೇ ತಡೆದೆ. ಇದು ಮನೆಯ ಕರೆಂಟಲ್ಲ, ಹನ್ನೆರಡೇ ವೋಲ್ಟು, ಬ್ಯಾಟರಿಯ ಎರಡೂ ತುದಿ ಹಿಡಿದರೂ ಜುಮ್ಮೆನ್ನುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿ, ಹಿಡಿದೂ ತೋರಿಸಿದೆ. ಅವನು ಅಪ್ಪನ ಕಡೆ ತಿರುಗಿದ.

"ನಮ್ಮ ಉಸ್ತಾದ್ ಹೀಗೇ ಕಲಿಸಿದ್ದು, ಸಾಹೇಬ್" ಎಂದ.

ಉಸ್ತಾದ್ ಹೇಳಿದ್ದೆಲ್ಲ ಸತ್ಯವೇ ಎಂದು ಕೇಳಿದೆ. ಹಾಗಾದರೆ ನೀವೇ ಮಾಡಿಕೊಳ್ಳಿ ಎಂದು ಅವನು ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋದ.

"ಬಿಡೋ, ನೀನಿರೋವಾಗ ಅವನ್ಯಾಕೆ" ಎನ್ನುತ್ತ ಅಪ್ಪ ಬ್ಯಾಟರಿಯಿಂದ ಸ್ಟಾರ್ಟರಿಗೆ ಬರುವ ದಪ್ಪ ವೈರಿನ ನಟ್ಟಿಗೆ ಸ್ಪ್ಯಾನರ್ ಹಾಕಿದರು. ಬೆರಳಿನ ಉಂಗುರ ಒಂದು ಕಡೆ ಸ್ಪ್ಯಾನರಿಗೆ, ಇನ್ನೊಂದು ಕಡೆ ಎಂಜಿನ್ನಿಗೆ ತಾಗಿತು. ಛಟ್ಟೆಂದು ಕಿಡಿ. ನಾನು ಹೇಳಿದಂತೆಯೇ ಷಾಕ್ ಹೊಡೆಯಲಿಲ್ಲ. ಉಂಗುರ ಕಾದು ಬೆರಳಿನೊಳಕ್ಕೆ ಇಳಿಯಿತು. ಮೈಯಲ್ಲಿ ಹರಿಯಲಾರದ ಕರೆಂಟು ಲೋಹದಲ್ಲಿ ಎಷ್ಟು ಹರಿದೀತು ಎಂಬುದು ನನ್ನ ವಾದದಲ್ಲಿ ಇರಲಿಲ್ಲ.

ಮುದುಕನೇ ಓಡಿ ಬಂದು ಕೇಬಲ್ ಕಿತ್ತ, ಬಕೆಟ್ಟಿನ ನೀರಿನಲ್ಲಿ ಅಪ್ಪನ ಕೈ ಅದ್ದಿಸಿದ, ಕಟರಿನಿಂದ ಉಂಗುರ ಕತ್ತರಿಸಿದ. ನನ್ನನ್ನು ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆನೋ ಏನೋ.

ಆ ಬೆರಳು ಈಗ ಮಡಚುವುದಿಲ್ಲ. ನೆಂಟರು ಕೇಳಿದರೆ ಅಪ್ಪ ನನ್ನ ಪರವೇ ವಾದಿಸುತ್ತಾರೆ: "ಯಾರೂ ಸಾಯಲ್ಲ ಅಂದ. ಸತ್ನಾ ನಾನು?"

ಎಲ್ಲರೂ ನಗುತ್ತಾರೆ. ಅಪ್ಪ ಸಾರನ್ನದ ತುತ್ತು ಎತ್ತುವಾಗ ಬೆರಳ ಸಂದಿಯಿಂದ ಅಗುಳು ಉದುರುತ್ತವೆ. ತಟ್ಟೆಯ ಪಕ್ಕ ಅಮ್ಮ ದಿನವೂ ಚಮಚ ಇಡುತ್ತಾಳೆ. ನಾನು ಮನೆಗೆ ಬಂದ ದಿನ ಮಾತ್ರ ಅಪ್ಪ ಅದನ್ನು ಮುಟ್ಟುವುದಿಲ್ಲ.