ಬೆಟ್ಟ ಹತ್ತಿದ ಜಾಲಿ

ನಮ್ಮ ಅಕ್ಕ ಈಗ ಬೆಟ್ಟ ಹತ್ತುವುದಿಲ್ಲ. ವಯಸ್ಸಾಯಿತು ಎಂದು ಊರಿನವರು ಅಂದುಕೊಂಡಿದ್ದಾರೆ. ವಯಸ್ಸೂ ಅಲ್ಲ, ಮಂಡಿನೋವೂ ಅಲ್ಲ, ಜಾಲಿ ಮುಳ್ಳು. ಆ ಜಾಲಿ ಬೆಟ್ಟಕ್ಕೆ ಹೋದದ್ದು ನನ್ನಿಂದ. ಇದನ್ನು ಕಾಗದದ ಮೇಲೆ ಬರೆಯುವಷ್ಟು ಧೈರ್ಯ ಈಗ ಬಂದಿದೆ, ಅವಳ ಮುಂದೆ ಹೇಳುವಷ್ಟು ಇನ್ನೂ ಬಂದಿಲ್ಲ.

ಮರಳವಾಡಿ ಕಡೆ ಒಂದು ಬಂಡೆಬೆಟ್ಟದ ಬುಡಕ್ಕೆ ತಾಗಿಕೊಂಡು ನಮ್ಮ ರಾಗಿ ಹೊಲವಿದೆ. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೇ ಬಂದವಳು. ಮೊದಲ ಮಳೆ ಬಿದ್ದು ವಾರವಾಯಿತೆಂದರೆ ಬರಿಗಾಲಲ್ಲೇ ಬೆಟ್ಟ ಹತ್ತುತ್ತಿದ್ದಳು. ಬಂಡೆಗಳ ಸಂದಿನ ಮಣ್ಣಿನಲ್ಲಿ ಎದ್ದ ಅಣ್ಣೆ, ಗಣಿಕೆ, ನನಗೆ ಹೆಸರೇ ಬಾರದ ಇನ್ನೂ ಹತ್ತಾರು ಕುಡಿಗಳನ್ನು ಮಡಿಲು ತುಂಬ ತಂದು ಬೆರಕೆ ಸೊಪ್ಪಿನ ಬಸ್ಸಾರು ಮಾಡುತ್ತಿದ್ದಳು. ಆ ದಿನ ನಾನು ಒಂದು ಮುದ್ದೆ ಜಾಸ್ತಿ ಉಣ್ಣುತ್ತಿದ್ದೆ. "ಹೊಲ ನಿಂದು, ಬೆಟ್ಟ ನಂದು ಕಣ್ಲಾ. ನನ್ ಪಾಲು ಅದು" ಎಂದು ನಗುತ್ತಿದ್ದಳು.

ಬೇಸಿಗೆಯಲ್ಲಿ ಸಿರಾ ಕಡೆಯಿಂದ ಒಬ್ಬ ಕುರಿಯವನು ಮಂದೆ ಹೊಡೆದುಕೊಂಡು ಬರುತ್ತಿದ್ದ. ಹಗಲು ಕುರಿ ಸುತ್ತಮುತ್ತ ಮೇಯುತ್ತವೆ, ಸಂಜೆ ನಮ್ಮ ಹೊಲದಲ್ಲಿ ಮಲಗುತ್ತವೆ, ಅವುಗಳ ಹಿಕ್ಕೆ ನಮಗೆ ಗೊಬ್ಬರ. ಬದಲಿಗೆ ಅವನಿಗೆ ರಾಗಿ ಕೊಡುತ್ತಿದ್ದೆವು. ಮಂದೆ ಹಾಕಿಸಿದ ಹೊಲದ ರಾಗಿ ಪೈರಿನ ಕಡುಹಸಿರೇ ಬೇರೆ, ಅದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ.

ಆ ವರ್ಷ ಅವನು ಬಂದವನೇ ಹೊಲದ ಅಂಚಿನಲ್ಲಿ ನಿಂತು ಹೇಳಿದ: "ಒಸಿ ತಡೀರಿ ಸ್ವಾಮಿ. ದಾರೀಲಿ ಕೆರೆ ಅಂಗಳದಾಗೆ ಬಳ್ಳಾರಿ ಜಾಲಿಕಾಯಿ ಮೇಯ್ದವೆ. ಬೀಜ ಹೊಟ್ಟೇಲೇ ಐತೆ. ನಾಕ್ ದಿನ ಕೆಳಗೇ ಇರ್ತೀನಿ, ಹೊಟ್ಟೆ ಖಾಲಿಯಾಗ್ಲಿ. ಆಮೇಲೆ ಬೆಟ್ಟದ ಕಡೆ ಬತ್ತೀನಿ."

ಬಳ್ಳಾರಿ ಜಾಲಿ ನಮ್ಮ ನೆಲದ ಗಿಡವಲ್ಲ. ಯಾವ ಕಾಲದಲ್ಲೋ ಸೌದೆಗಾಗುತ್ತದೆಂದು ಸಮುದ್ರದಾಚೆಯಿಂದ ತಂದದ್ದು. ಕೆರೆಯಲ್ಲಿ ಹೂಳು ತುಂಬಿದ ಕಡೆಯೆಲ್ಲ ಅದೇ. ಆದರೆ ನಮ್ಮ ಬೆಟ್ಟದಲ್ಲಿ ಒಂದೂ ಇರಲಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಪಕ್ಕದ ಹೊಲದವನು ಬೆಳಗ್ಗೆಯಷ್ಟೇ ತನ್ನ ಹೊಲಕ್ಕೆ ಮಂದೆ ಕೇಳಿಕೊಂಡು ಬಂದಿದ್ದ, ಮೋಡವೂ ಕಟ್ಟಿತ್ತು. "ನಿನ್ ಪುರಾಣ ಸಾಕು, ಇವತ್ತೇ ಹೊಡಿ. ಇಲ್ದಿದ್ರೆ ಮುಂದಿನ ವರ್ಷ ಈ ಕಡೆ ತಲೆ ಹಾಕ್ಬೇಡ" ಎಂದು ರೇಗಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ನನಗಂತೂ ಅವತ್ತು ಬುದ್ಧಿಯೇ ಇರಲಿಲ್ಲ. ಅವನು ಮಂದೆಯನ್ನು ಬೆಟ್ಟದ ಕಡೆ ಹೊಡೆದ. ಐದು ದಿನ ಕುರಿಗಳು ಹಗಲೆಲ್ಲ ಬೆಟ್ಟದಲ್ಲಿ ಮೇಯ್ದವು.

ಹೊಲದಲ್ಲಿ ಮೊಳೆತ ಜಾಲಿಯನ್ನು ಟಿಲ್ಲರ್ ಹೊಡೆದು ಕಿತ್ತೆ. ಬೆಟ್ಟವನ್ನು ಉಳುವವರು ಯಾರು? ಬಂಡೆಯ ಸಂದು ಸಂದಿನಲ್ಲೂ ಹಿಕ್ಕೆ ಬಿದ್ದ ಕಡೆಯೇ ಸಸಿ ಎದ್ದವು. ಮೊದಲ ವರ್ಷ ಗೇಣುದ್ದ, ಮೂರನೆಯ ವರ್ಷ ಆಳೆತ್ತರ. ನಾನು ಮಚ್ಚು ಹಿಡಿದು ಹೋಗಿ ಕಡಿದೆ, ಕಡಿದ ಕಡೆ ನಾಲ್ಕು ಕವಲೊಡೆಯಿತು. ಅದರಡಿಯಲ್ಲಿ ಅಣ್ಣೆಯೂ ಇಲ್ಲ, ಗಣಿಕೆಯೂ ಇಲ್ಲ. ಆದರೂ ಅಕ್ಕ ಹುಡುಕಿಕೊಂಡು ಹೋದಳು. ಮುಳ್ಳು ಅಂಗಾಲಿನಲ್ಲಿ ಮುರಿದುಕೊಂಡು ಕೀವಾಯಿತು, ಕನಕಪುರದ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಅಂದಿನಿಂದ ಬೆಟ್ಟ ಹತ್ತುವುದು ನಿಂತಿತು.

ಮುಂದಿನ ಬೇಸಿಗೆಗೆ ಕುರಿಯವನು ಎಂದಿನಂತೆ ನಮ್ಮ ಜಗಲಿಯ ಮುಂದೆ ಬಂದು ನಿಂತ. ಅವನ ಪಾಲಿನ ರಾಗಿ ಕೇರಲು ನಾನು ಆಗಲೇ ಮೊರ ಹಿಡಿದಿದ್ದೆ. ಅಕ್ಕ ಕುಂಟಿಕೊಂಡು ಹೊರಗೆ ಬಂದಳು.

"ಯಾವ ಮಕ ಇಟ್ಕಂಡು ಬಂದೆಯಪ್ಪಾ? ನಿನ್ ಕುರಿ ಹಿಕ್ಕೇಲೇ ಜಾಲಿ ಎದ್ದಿದ್ದು ಈ ಕಣ್ಣಲ್ಲೇ ನೋಡಿವ್ನಿ. ಬೀಜ ತಿಂದಿರೋ ಕುರಿಯ ಬೆಟ್ಟಕ್ಕೆ ಹತ್ತಿಸ್ಬಾರ್ದು ಅಂತ ಕುರಿ ಕಾಯೋನಿಗೆ ಗೊತ್ತಾಗಕಿಲ್ವಾ? ನನ್ ಬೆಟ್ಟ ಹಾಳು ಮಾಡ್ಬುಟ್ಟಲ್ಲ!"

ಅವನು ನನ್ನ ಮುಖ ನೋಡಿದ. ಒಂದೇ ಸಲ. ನಾನು ಮೊರದೊಳಗಿನ ರಾಗಿಯಲ್ಲಿ ಕಲ್ಲು ಹುಡುಕುವವನ ಹಾಗೆ ತಲೆ ತಗ್ಗಿಸಿದೆ.

"ತಪ್ಪಾಯ್ತು ಕಣವ್ವ" ಎಂದ. ನೀರೂ ಕುಡಿಯದೆ ಮಂದೆ ಹೊಡೆದುಕೊಂಡು ಹೋದ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಹಾಕಿಕೊಂಡ ಎಂಬ ಗಾದೆಯನ್ನು ನಾನೇ ಎಷ್ಟೋ ಜನರ ಮೇಲೆ ಹೇರಿದ್ದೇನೆ. ಅವನು ಮತ್ತೆ ನಮ್ಮೂರ ಕಡೆ ಬರಲಿಲ್ಲ. ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಈಗ ಮಳೆ ಬಿದ್ದ ವಾರಕ್ಕೆ ನಾನು ಹಾರೋಹಳ್ಳಿಯಿಂದ ಕಟ್ಟು ಸೊಪ್ಪು ತರುತ್ತೇನೆ. ಅಕ್ಕ ಅದರಲ್ಲೇ ಬಸ್ಸಾರು ಮಾಡುತ್ತಾಳೆ. ಬಡಿಸುವಾಗ ಪ್ರತಿ ಸಲವೂ ಅದೇ ಮಾತು: "ಆ ಕುರಿಯೋನು ಒಸಿ ಯೋಚ್ನೆ ಮಾಡಿದ್ರೆ ನನ್ ಬೆಟ್ಟ ಉಳೀತಿತ್ತು, ಅಲ್ವೇನ್ಲಾ?"

ನಾನು ಮುದ್ದೆ ಮುರಿಯುತ್ತಾ "ಹೂಂ ಕಣಕ್ಕ" ಅನ್ನುತ್ತೇನೆ.