ಉಜ್ಜಿನಿ ರಸ್ತೆಯಲ್ಲಿ ಓಡಿದ ಬಸುರಿ

ನಾನು ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಆಗಲೇ ಎರಡು ತಿಂಗಳಿನಿಂದ ಬಸುರಿಯಾಗಿಯೇ ಓಡುತ್ತಿದ್ದೆ. ಸಂತೋಷಕ್ಕಿಂತ ಮೊದಲು ಹುಟ್ಟಿದ್ದು ಹೆದರಿಕೆ. ತಿಳಿಯದೆ ಏನಾದರೂ ಕೆಡಿಸಿಬಿಟ್ಟೆನೇ? ಅಥವಾ ಏನೂ ಆಗಿಲ್ಲವೆಂದರೆ ಇನ್ನು ಮುಂದೆಯೂ ಓಡಬಹುದೇ? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ನಾನು ಮುಂದಿನ ಏಳು ತಿಂಗಳು ಊರೆಲ್ಲ ತಿರುಗಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೊಟ್ಟೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕಿ. ಊರವರ ಬಾಯಲ್ಲಿ ಡ್ರಿಲ್ ಮೇಡಂ. ತವರು ಕಾನಹೊಸಹಳ್ಳಿಯ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆ. ಗಂಡ ಕೂಡ್ಲಿಗಿಯಲ್ಲಿ ಸರ್ಕಾರಿ ಗುಮಾಸ್ತ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬರುತ್ತಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ, ಅಷ್ಟೇ.

ಹೈಸ್ಕೂಲಿನಲ್ಲಿ ನಾನು ಎಂಟುನೂರು ಮೀಟರ್ ಓಡುತ್ತಿದ್ದೆ. ಶಿಕ್ಷಕಿ ತರಬೇತಿಗೆ ಹೋದಾಗ ಪಂದ್ಯದಲ್ಲಿ ಒಮ್ಮೆ ಎರಡನೆಯವಳಾಗಿ ಬಂದದ್ದೇ ನನ್ನ ದೊಡ್ಡ ಗೆಲುವು. ನೌಕರಿ ಸಿಕ್ಕ ಮೇಲೆ, ಮದುವೆಯಾದ ಮೇಲೆ ಕೂಡ ಓಟ ಬಿಡಲಿಲ್ಲ. ಬೆಳಕು ಹರಿಯುವಾಗ ಬಿಳಿ ಸಲ್ವಾರಿನ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಕ್ಯಾನ್ವಾಸ್ ಬೂಟು ಕಟ್ಟಿ, ಉಜ್ಜಿನಿ ರಸ್ತೆಯಲ್ಲಿ ಎರಡು ಮೈಲಿ ಹೋಗಿ ಬರುತ್ತಿದ್ದೆ. ಶುರುವಿನಲ್ಲಿ ಜನ ಗಾಬರಿಯಾಗುತ್ತಿದ್ದರು. ಯಾರಿಗೋ ಏನೋ ಆಗಿದೆ, ಅದಕ್ಕೇ ಈ ಹೆಣ್ಣುಮಗಳು ಓಡುತ್ತಿದ್ದಾಳೆ ಎಂದುಕೊಂಡು ಎತ್ತಿನ ಗಾಡಿ ನಿಲ್ಲಿಸುತ್ತಿದ್ದರು. ಮೊದಲ ಬಸ್ಸಿನ ಡ್ರೈವರ್ ಒಮ್ಮೆ ಪಕ್ಕಕ್ಕೇ ತಂದು ನಿಲ್ಲಿಸಿ, "ಹತ್ರಿ ಅಕ್ಕಾರ, ಇಷ್ಟು ಓಡಿದ್ರ ನನಗ ಪಾಪ ಬರ್ತೈತಿ" ಅಂದಿದ್ದ. ವರ್ಷ ಕಳೆಯುವಷ್ಟರಲ್ಲಿ ಎಲ್ಲರಿಗೂ ರೂಢಿಯಾಗಿತ್ತು.

ವಾಂತಿ ಶುರುವಾದ ಮೇಲೆ ಗಂಡನ ಜೊತೆ ಕೂಡ್ಲಿಗಿಯ ಆಸ್ಪತ್ರೆಗೆ ಹೋದೆ. ಅಲ್ಲಿನ ಲೇಡಿ ಡಾಕ್ಟರು ಮೈಸೂರು ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹೆಸರು ಬರೆದುಕೊಳ್ಳುತ್ತಿದ್ದ ನರ್ಸಮ್ಮ ನಾನು ಓಡುವ ವಿಷಯ ಕೇಳಿದ್ದೇ ಪೆನ್ನು ಕೆಳಗಿಟ್ಟಳು.

"ಓಡ್ತೀರಾ? ಹೊಟ್ಟ್ಯಾಗ ಕೂಸಿಟ್ಕೊಂಡು?"

"ಗೊತ್ತಿರಲಿಲ್ರಿ" ಅಂದೆ.

"ಈಗ ಗೊತ್ತಾತಲ್ಲ. ಬಿಟ್ಟುಬಿಡ್ರಿ."

ಡಾಕ್ಟರು ಅಷ್ಟು ಬೇಗ ಹೇಳಲಿಲ್ಲ. ನೋವಿದೆಯಾ, ರಕ್ತ ಕಂಡಿತಾ, ಎಷ್ಟು ವರ್ಷದಿಂದ ಓಡುತ್ತಿದ್ದೀರಿ ಎಂದೆಲ್ಲ ಕೇಳಿ, ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು ಕೂತರು.

"ನೋಡಮ್ಮ, ಓದಿದ ಪುಸ್ತಕದಲ್ಲಿ ಶ್ರಮದ ಕೆಲಸ ಬೇಡ ಅಂತ ಇದೆ. ಆದರೆ ಇಲ್ಲಿಗೆ ಕಲ್ಲು ಹೊರೋ ಹೆಂಗಸರು ಬರ್ತಾರೆ, ಅವರ ಹೆರಿಗೆ ಎಷ್ಟೋ ಸಲ ಸಲೀಸಾಗಿ ಆಗುತ್ತೆ. ಓಡೋ ಬಸುರಿಯನ್ನ ನಾನು ನೋಡಿರೋದು ನಿಮ್ಮನ್ನೇ ಮೊದಲು. ಬಿಡಿ ಅಂದರೆ ನನಗೆ ಧೈರ್ಯ, ಓಡಿ ಅಂದರೆ ನಿಮಗೆ ಧೈರ್ಯ. ಯಾವುದು ಸರಿ ಅಂತ ನಿಜವಾಗಿ ಗೊತ್ತಿಲ್ಲ." ಆಮೇಲೆ ಸ್ವಲ್ಪ ಯೋಚಿಸಿ, "ಓಡುತ್ತಾ ಮಾತಾಡೋಕೆ ಆಗುವಷ್ಟು ನಿಧಾನ ಓಡಿ. ಮಾತು ನಿಂತರೆ ನೀವೂ ನಿಂತುಬಿಡಿ. ನೋವು, ರಕ್ತ ಏನು ಕಂಡರೂ ತಕ್ಷಣ ಬನ್ನಿ" ಅಂದರು.

ಹೊರಗೆ ಬಂದಾಗ ನನ್ನ ಗಂಡ ಸಮಾಧಾನದಿಂದಿದ್ದರು. ನನಗೆ ಮಾತ್ರ ಆಸ್ಪತ್ರೆಗೆ ಬರುವಾಗ ಇದ್ದುದಕ್ಕಿಂತ ಗೊಂದಲ ಹೆಚ್ಚಾಗಿತ್ತು. ಡಾಕ್ಟರಿಗೇ ಗೊತ್ತಿಲ್ಲ ಎಂದರೆ ಇನ್ನು ಯಾರನ್ನು ಕೇಳುವುದು?

ಅತ್ತೆಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಸುದ್ದಿ ತಿಳಿದ ಕೂಡಲೇ ದೇವರ ಮುಂದೆ ದೀಪ ಹಚ್ಚಿ ಬಂದು, "ಇನ್ನ ಓಟ ಸಾಕು. ಸುಮ್ಮನ ಕುಂದ್ರು" ಅಂದರು. ನಾನು ಕೂತೆ. ಅದೇ ಸಂಜೆ ಬೋರಿಂಗಿನ ನಳಕ್ಕೆ ನೀರು ಬಂದಾಗ, "ಎರಡು ಕೊಡ ತಂದಿಟ್ಟುಬಿಡವಾ" ಅಂದರು. ತಲೆಯ ಮೇಲೊಂದು, ಕಂಕುಳಲ್ಲೊಂದು ಇಟ್ಟುಕೊಂಡು ಬಂದ ಮೇಲೆ ಕೇಳಿದೆ.

"ಅತ್ತೀ, ಓಡಬಾರದು ಅಂತೀರಿ. ಕೊಡ ಹೊರಬೌದಾ?"

"ಕೊಡ ಹೊರೋದು ಮನಿ ಕೆಲಸ. ಮನಿ ಕೆಲಸದಿಂದ ಯಾರಿಗೇನಾಗೇತಿ?"

ಅವರು ವ್ಯಂಗ್ಯವಾಡುತ್ತಿರಲಿಲ್ಲ. ನಿಜವಾಗಿಯೂ ಹಾಗೆ ನಂಬಿದ್ದರು. ಆ ಕೊಡಗಳ ಭಾರ ನನಗೆ ನಾಲ್ಕು ಮೈಲಿ ಓಟಕ್ಕಿಂತ ಹೆಚ್ಚೆನಿಸಿತ್ತು. ಆದರೆ ಭಾರವೆನ್ನುವುದು ಮೈಗೆ ಗೊತ್ತಾಗುವ ವಿಷಯವೋ ಮನೆತನಕ್ಕೆ ಗೊತ್ತಾಗುವ ವಿಷಯವೋ ಎಂಬುದೇ ನನಗೆ ತಿಳಿಯದಾಯಿತು.

ನನ್ನವ್ವ ನನ್ನ ಪರ ನಿಲ್ಲುತ್ತಾಳೆಂದುಕೊಂಡಿದ್ದೆ. ಆಕೆ ದಿನ ತುಂಬುವವರೆಗೂ ಕುರಿ ಹಿಂದೆ ತಿರುಗಿದವಳು. ನನ್ನನ್ನು ಹಡೆದದ್ದೇ ರೊಪ್ಪದಲ್ಲಿ, ಕುರಿ ಕೂಡಿದ್ದ ಮುಳ್ಳುಬೇಲಿಯ ಮಗ್ಗುಲಲ್ಲಿ. ಬುತ್ತಿ ಕಟ್ಟಿಕೊಂಡು ನನ್ನನ್ನು ನೋಡಲು ಬಂದಾಗ ಎಲ್ಲವನ್ನೂ ಹೇಳಿ, "ನೀನೂ ಓಡಿಯಲ್ಲಬೇ, ನಾ ಹೊಟ್ಟ್ಯಾಗಿದ್ದಾಗ?" ಅಂದೆ.

"ಓಡೀನಿ. ಕುರಿ ಹೊಲಕ್ಕ ಬಿದ್ರ ಓಡೀನಿ, ತೋಳ ಬಂದ್ರ ಓಡೀನಿ. ನೀ ಯಾರ ಹಿಂದ ಓಡ್ತಿ?"

"ಯಾರ ಹಿಂದೂ ಇಲ್ಲ."

"ಮತ್ತ ನಿನ್ನ ಬೆನ್ನತ್ತಿದವರು ಯಾರು?"

"ಯಾರೂ ಇಲ್ಲಬೇ. ಓಡಿದ್ರ ಮೈ ಹಗುರಾಗ್ತೈತಿ."

ಅವ್ವ ನನ್ನ ಮುಖವನ್ನೇ ನೋಡಿದಳು. ಒಪ್ಪಲೂ ಇಲ್ಲ, ಬೈಯಲೂ ಇಲ್ಲ. ಸಂಜೆ ಬಸ್ಸು ಹತ್ತುವಾಗ ಅಷ್ಟೇ, "ಮೈ ಹಗುರ ಮಾಡ್ಕೊಳ್ಳಾಕ ಹೋಗಿ ಹೊಟ್ಟಿ ಹಗುರ ಮಾಡ್ಕೊಂಡಿಗಿಂಡಿ" ಅಂದಳು. ಆ ಮಾತು ಎಷ್ಟೋ ದಿನ ನನ್ನ ಕಿವಿಯಲ್ಲೇ ಇತ್ತು.

ಕೊನೆಗೆ ಗಂಡನನ್ನು ಕೇಳಿದೆ. "ನಿನಗ ಹೆಂಗ ತಿಳೀತೈತಿ ಹಂಗ ಮಾಡು" ಅಂದರು.

"ನನಗ ತಿಳಿದಿದ್ರ ನಿಮ್ಮನ್ನ ಯಾಕ ಕೇಳ್ತಿದ್ದೆ?" ಎಂದು ಸಿಟ್ಟು ಮಾಡಿದೆ. ಪಾಪ, ಅವರಿಗೂ ತಿಳಿದಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಬೂಟು ಕಟ್ಟುವುದನ್ನು ನೋಡಿ ತಾವೂ ಸೈಕಲ್ ಹೊರಗೆ ತೆಗೆದರು. ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. ಡಾಕ್ಟರು ಹೇಳಿದಂತೆ ನಾನು ಮಾತಾಡಿಕೊಂಡೇ ಓಡಬೇಕಿತ್ತು. ಅವರು ಪಕ್ಕದಲ್ಲಿ ಸೈಕಲ್ ತುಳಿಯುತ್ತ ಕಚೇರಿಯ ಸುದ್ದಿ ಹೇಳುವರು, ನಾನು ಹೂಂ ಅನ್ನುವೆ. ನನ್ನ ಓಟ ಎಷ್ಟು ನಿಧಾನವಾಗಿತ್ತೆಂದರೆ ಸೈಕಲ್ಲು ವಾಲಾಡಿ, ಅವರು ಮತ್ತೆ ಮತ್ತೆ ನೆಲಕ್ಕೆ ಕಾಲೂರುತ್ತಿದ್ದರು. ವಾರ ಕಳೆದ ಮೇಲೆ ಸೈಕಲ್ ಬಿಟ್ಟು ನಡೆದೇ ಬಂದರು. ಅವರ ನಡಿಗೆಗೂ ನನ್ನ ಓಟಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹಾಗಾದರೆ ಇದನ್ನು ಓಟ ಅನ್ನುವುದೇ ತಪ್ಪಲ್ಲವೇ ಎಂಬ ಅನುಮಾನವೂ ಬಂತು.

ಶಾಲೆಯಲ್ಲಿ ಬೇರೆ ಕಥೆ. ಹಗರಿಬೊಮ್ಮನಹಳ್ಳಿಯಲ್ಲಿ ನಡೆಯಲಿದ್ದ ಪಂದ್ಯಕ್ಕೆ ನಾಲ್ವರು ಹುಡುಗಿಯರನ್ನು ರಿಲೇಗೆ ತಯಾರು ಮಾಡುತ್ತಿದ್ದೆ. ಓಡುತ್ತಲೇ ಬೆತ್ತವನ್ನು ಕೈಯಿಂದ ಕೈಗೆ ದಾಟಿಸುವುದನ್ನು ಬಾಯಲ್ಲಿ ಹೇಳಿದರೆ ಅವರಿಗೆ ತಿಳಿಯುತ್ತಿರಲಿಲ್ಲ. ಹೀಗಾಗಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಅವರ ಪಕ್ಕದಲ್ಲೇ ಓಡಿ ತೋರಿಸುತ್ತಿದ್ದೆ. ಐದನೇ ತಿಂಗಳಲ್ಲಿ ಹೊಟ್ಟೆ ಕಾಣತೊಡಗಿದ ಮೇಲೆ ಹೆಡ್‌ಮಾಸ್ತರರು ಕರೆಸಿದರು. ಒಳ್ಳೆಯ ಮನುಷ್ಯ. ನನ್ನ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತ ಮಾತಾಡಿದರು.

"ತಪ್ಪು ತಿಳೀಬ್ಯಾಡ್ರಿ ಮೇಡಂ. ಮಕ್ಕಳ ತಾಯಂದಿರು ಬಂದು ಕೇಳಾಕತ್ಯಾರ. ಏನಾರ ಹೆಚ್ಚುಕಮ್ಮಿ ಆದ್ರ ಶಾಲಿ ಮ್ಯಾಲೆ ಬರ್ತೈತಿ. ಬಯಲಾಗ ಕುರ್ಚಿ ಹಾಕಸ್ತೀನಿ. ಕುಂತು ಸೀಟಿ ಊದ್ರಿ, ಸಾಕು."

ಕುರ್ಚಿ ಬಂತು. ಬೇವಿನ ನೆರಳಲ್ಲಿ ಕೂತು ಸೀಟಿ ಊದಿದೆ. ಹುಡುಗಿಯರು ಬೆತ್ತ ಬೀಳಿಸಿದಾಗಲೆಲ್ಲ ನನ್ನ ಕಾಲು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಕೂತದ್ದು ಮಗುವಿಗೋಸ್ಕರವೋ, ತಾಯಂದಿರಿಗೋಸ್ಕರವೋ, ಶಾಲೆಗೋಸ್ಕರವೋ ನನಗೇ ಗೊತ್ತಿರಲಿಲ್ಲ. ಹುಡುಗಿಯರು ಮೂರನೆಯವರಾಗಿ ಬಂದರು. ನಾನು ಓಡಿ ತೋರಿಸಿದ್ದರೆ ಎರಡನೆಯವರಾಗುತ್ತಿದ್ದರೇನೋ, ಅದೂ ಗೊತ್ತಿಲ್ಲ.

ಆರನೇ ತಿಂಗಳ ಒಂದು ಬೆಳಿಗ್ಗೆ ಗಂಡನಿಗೆ ಜ್ವರವಿತ್ತು, ಒಬ್ಬಳೇ ಹೋಗಿದ್ದೆ. ವಾಪಸು ಬರುವಾಗ ಹೊಟ್ಟೆಯ ಬಲಗಡೆ ಕೆಳಗೆ ಚಳಕು ಹೊಡೆದಂತಾಯಿತು. ನಿಂತೆ. ನಡೆಯಲು ನೋಡಿದೆ, ಮತ್ತೆ ಹೊಡೆಯಿತು. ರಸ್ತೆಯ ಮೋರಿಯ ಕಟ್ಟೆಯ ಮೇಲೆ ಕೂತು ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡೆ. ಅವ್ವನ ಮಾತು, ನರ್ಸಮ್ಮನ ಮುಖ, ಬಾಗಿಲಲ್ಲಿ ನಿಂತ ಅತ್ತೆಯ ನೋಟ ಎಲ್ಲ ಒಟ್ಟಿಗೆ ಬಂದವು. ಮನಸ್ಸಿನಲ್ಲೇ, ಇದು ಹೋದರೆ ನಾನೇ ಕಳೆದೆ, ಬೇರೆ ಯಾರೂ ಅಲ್ಲ ಅಂದುಕೊಂಡೆ.

ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೊರಟ ನಾಲ್ಕೈದು ಹೆಂಗಸರು ಬಂದರು. ಅವರಲ್ಲಿ ವಯಸ್ಸಾದ ಒಬ್ಬಾಕೆ ಕೇಳದೆಯೇ ನನ್ನ ಅಂಗಿ ಸರಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಕೈ ಒರಟಾಗಿತ್ತು, ಬೆಚ್ಚಗಿತ್ತು.

"ಕೂಸು ಮಗ್ಗಲಾ ಹೊಳ್ಳಾಕತ್ತೇತಿ ಅಷ್ಟ. ನೀರು ಕುಡಿ. ಸಾವಕಾಶ ನಡಕೊಂತ ಹೋಗು."

ನೀರಿನ ಚೊಂಬು ಕೊಟ್ಟವಳು ಅವರಲ್ಲೇ ಚಿಕ್ಕವಳು. ನೋಡಿದರೆ ಅವಳೂ ಬಸುರಿ, ನನಗಿಂತ ಎರಡು ತಿಂಗಳು ಮುಂದಿರಬಹುದು. ಕೈಯಲ್ಲಿ ಕಳೆ ಕೀಳುವ ಕುರ್ಚಿಗೆ, ಸೊಂಟದಲ್ಲಿ ಬುತ್ತಿ.

"ನಿಮಗ ಕುಂತು ಉಣ್ಣಾಕ ಐತಲ್ಲಕ್ಕಾ, ಯಾಕ ಓಡ್ತೀರಿ?" ಎಂದು ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ತಿಳಿಯಲು ಕೇಳಿದ್ದು. ಮೈ ಹಗುರಾಗುತ್ತದೆ ಎಂದು ಅವ್ವನಿಗೆ ಹೇಳಿದ ಉತ್ತರವನ್ನು ಅವಳಿಗೆ ಹೇಳಲು ನನಗೆ ನಾಚಿಕೆಯಾಯಿತು. ದಿನವಿಡೀ ಬಗ್ಗಿ ಕಳೆ ಕೀಳಬೇಕಾದವಳ ಮುಂದೆ ಅದನ್ನು ಹೇಗೆ ಹೇಳುವುದು? "ರೂಢಿ ಆಗೇತವಾ" ಅಂದೆ. ಅವಳು ತಲೆಯಾಡಿಸಿ ಹೊಲದ ಕಡೆ ಹೋದಳು.

ಅದೇ ದಿನ ಕೂಡ್ಲಿಗಿಗೆ ಹೋದೆ. ಮಗು ಚೆನ್ನಾಗಿತ್ತು. "ಇದು ಓಡಿದ್ದಕ್ಕೇ ಆಗಿದ್ದಾ?" ಎಂದು ಡಾಕ್ಟರನ್ನು ಕೇಳಿದೆ. "ಇರಬಹುದು. ಓಡದವರಿಗೂ ಹೀಗಾಗುತ್ತೆ" ಅಂದರು. ಹದಿನೈದು ದಿನ ಬರೀ ಮನೆಯೊಳಗೆ ಓಡಾಡಿ ಎಂದರು.

ಆ ಹದಿನೈದು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಪಾದ ಬಾತವು, ಊಟ ಸೇರಲಿಲ್ಲ, ಸಣ್ಣದಕ್ಕೆಲ್ಲ ಅಳು ಬರುತ್ತಿತ್ತು. ಅತ್ತೆ ಕಾಲಿಗೆ ಬಿಸಿ ಎಣ್ಣೆ ತಿಕ್ಕಿದರು. ತಿಕ್ಕುತ್ತ, "ಕುಂತ್ರೂ ಆಗವಲ್ದು, ಓಡಿದ್ರೂ ಆಗವಲ್ದು, ನಿನ್ನ ಏನ್ ಮಾಡ್ಲಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹದಿನಾರನೆಯ ದಿನ ಅವರೇ, "ಹೋಗು, ಬೇಕಾದ್ರ ನಡದು ಬಾ" ಅಂದರು. ನಡೆದೆ. ಊರು ದಾಟಿದ ಮೇಲೆ ಸ್ವಲ್ಪ ಓಡಿದೆ. ಮತ್ತೆ ಹೆದರಿ ನಡೆದೆ. ಏಳನೇ ತಿಂಗಳು ಕಳೆಯುವವರೆಗೆ ಹೀಗೇ ನಡೆಯಿತು. ಆಮೇಲೆ ಹೊಟ್ಟೆಯೇ ಓಡಲು ಬಿಡಲಿಲ್ಲ.

ಮಗಳು ಕೂಡ್ಲಿಗಿ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಹುಟ್ಟಿದಳು. ಗಟ್ಟಿಯಾಗಿ ಅತ್ತಳು. ಹೆರಿಗೆ ಸುಸೂತ್ರವಾದದ್ದಕ್ಕೆ ಎಲ್ಲರ ಬಳಿಯೂ ಒಂದೊಂದು ಕಾರಣವಿತ್ತು. ಅತ್ತೆಗೆ ಉಜ್ಜಿನಿ ಸ್ವಾಮಿಗೆ ಹೊತ್ತ ಹರಕೆ. ಅವ್ವನಿಗೆ ಕುರಿಯವರ ರಕ್ತ. ಹೆಡ್‌ಮಾಸ್ತರರಿಗೆ ಕುರ್ಚಿ. ಓಡಿದ್ದರಿಂದ ಎಂದು ನಾನು ಹೇಳಿಕೊಳ್ಳಬಹುದಿತ್ತು. ಮೋರಿಯ ಕಟ್ಟೆಯ ಮೇಲೆ ಕೂತವಳಿಗೆ ಆ ಮಾತು ಬಾಯಿಗೆ ಬರಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಬಸುರಾದೆ. ಈ ಸಲ ಯಾವ ಗೊಂದಲವೂ ಬೇಡ ಎಂದು ನಿಶ್ಚಯಿಸಿದೆ. ಮೊದಲ ದಿನದಿಂದಲೇ ಓಟ ಬಿಟ್ಟೆ. ಕೊಡ ಹೊರಲಿಲ್ಲ, ಬಸ್ಸು ಹತ್ತಲಿಲ್ಲ, ಶಾಲೆಯಲ್ಲಿ ನಾನೇ ಕುರ್ಚಿ ಕೇಳಿ ಹಾಕಿಸಿಕೊಂಡೆ. ಐದನೇ ತಿಂಗಳಲ್ಲಿ, ಅಕ್ಕಿ ಆರಿಸುತ್ತ ಕೂತಿದ್ದಾಗ, ರಕ್ತ ಕಂಡಿತು. ಆಸ್ಪತ್ರೆಗೆ ಹೋದೆವು. ಉಳಿಯಲಿಲ್ಲ.

ಮೊದಲಿನ ಡಾಕ್ಟರಿಗೆ ವರ್ಗವಾಗಿತ್ತು. ಹೊಸಬರು, "ಕೆಲವು ಸಲ ಹೀಗಾಗುತ್ತದೆ, ನೀವು ಮಾಡಿದ್ದರಿಂದ ಅಲ್ಲ" ಅಂದರು. ನಾನು ಏನೂ ಮಾಡಿಯೇ ಇರಲಿಲ್ಲವಲ್ಲ. ನೋಡಲು ಬಂದ ನೆರೆಮನೆಯಾಕೆ, ಚೊಚ್ಚಲಕ್ಕೆ ಓಡಿ ಓಡಿ ಗರ್ಭ ಸಡಿಲಾಗಿದೆ, ಅದು ಈಗ ತೋರಿಸಿತು ಎಂದಳು. ಅತ್ತೆಯೂ ಅದನ್ನೇ ಹೇಳುತ್ತಾರೆಂದು ಕಾದೆ. ಅವರು ಆ ಹೆಂಗಸನ್ನು ಬೇಗ ಎಬ್ಬಿಸಿ ಕಳಿಸಿದರು.

ಕೆಲವು ದಿನಗಳ ಮೇಲೆ ಮಧ್ಯಾಹ್ನ ಪಡಸಾಲೆಯಲ್ಲಿ ಮಗಳನ್ನು ಮಲಗಿಸಿ ನನ್ನ ಪಕ್ಕ ಬಂದು ಕೂತರು.

"ನಿನಗ ಹೇಳಿಲ್ಲ. ಯಾರಿಗೂ ಹೇಳಿಲ್ಲ. ನಿನ್ನ ಗಂಡ ಹುಟ್ಟೂದಕ್ಕಿಂತ ಮೊದಲು ನಂದೂ ಒಂದು ಹೋಗೇತಿ. ಹೊಲದಾಗ ಒಂದು ಬದು ಹಾರಿದ್ದೆ, ಮೊಣಕಾಲಷ್ಟು ಎತ್ತರ. ಹಾರಿದ ಮೂರನೇ ದಿನ ಹೋತು. ನಾ ಹಾರಿದ್ದಕ್ಕ ಹೋತು ಅಂತ ಇಲ್ಲೀಮಟ ತಿಳಕೊಂಡಿದ್ದೆ. ನೀ ಓಡುವಾಗ ನನಗ ಅದ ಕಣ್ಮುಂದ ಬರ್ತಿತ್ತು."

ನಾನು ಅವರ ಕೈ ಹಿಡಿದುಕೊಂಡೆ.

"ನೀ ಈ ಸಲ ಹಾರಲಿಲ್ಲ, ಓಡಲಿಲ್ಲ. ನಾನ ನೋಡೀನಿ. ಮತ್ತ ಯಾಕ ಹೋತು?"

ಅವರು ನಿಜವಾಗಿ ಉತ್ತರಕ್ಕಾಗಿ ಕಾಯುತ್ತಿದ್ದರು. ನಾನು ಓದಿದವಳು, ಮೈಯ ಬಗ್ಗೆಯೇ ತರಬೇತಿ ಪಡೆದವಳು. "ಗೊತ್ತಿಲ್ಲತ್ತೀ" ಅಂದೆ. "ಹಂಗಾರ ನಂದೂ ಹಾರಿದ್ದಕ್ಕ ಹೋಗಿರಲಿಕ್ಕಿಲ್ಲೇನು?" ಅಂದರು. ಅದಕ್ಕೂ ಗೊತ್ತಿಲ್ಲ ಅಂದೆ. ಇರಲಿಕ್ಕಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಮಗಳು ಎದ್ದು ಅಳತೊಡಗಿದಳು. ಅತ್ತೆ ಎದ್ದು ಹೋಗಿ ಎತ್ತಿಕೊಂಡರು.